ಪಕ್ಕದ ಮನೆಯ ರಾಟ್‌ವೀಲರ್‌ಗೆ ಹೆದರಬೇಕಾ? ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹಸು, ಕುರಿ, ಕೋಳಿಗಿಂತ ನಾಯಿಯ ವಿಷಯವೇ ಜಾಸ್ತಿ. ಬೇರೆ ಬೇರೆ ಊರಿನವರು ಸುತ್ತಿ ಬಳಸಿ ಒಂದೇ ಮಾತು ಕೇಳಿದ್ದಾರೆ: ಕೆಲವು ಜಾತಿ ನಾಯಿಗಳು ಹುಟ್ಟಿನಿಂದಲೇ ಅಪಾಯಕಾರಿಯಾ? ಹಾಗಾಗಿ ಮಿಕ್ಕ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು, ಈ ಸಲ ಪೂರ್ತಿ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. 31 ವರ್ಷ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು ನಾನು, ಹೆಚ್ಚಿನ ಕಾಲ ಅರಸೀಕೆರೆ, ತಿಪಟೂರು ಕಡೆ. ಅಲ್ಲಿ ಕಂಡದ್ದನ್ನೂ, ನಿವೃತ್ತಿಯಾದ ಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಪ್ರಶ್ನೆ: ನಾವು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿದ್ದೇವೆ. ಎದುರು ಮನೆಯವರು ರಾಟ್‌ವೀಲರ್ ಸಾಕಿದ್ದಾರೆ. ನನ್ನ ಮಗಳಿಗೆ ಆರು ವರ್ಷ. ಲಿಫ್ಟಿನಲ್ಲಿ ಆ ನಾಯಿ ಎದುರಾದರೆ ನನಗೆ ಕೈಕಾಲು ಆಡುವುದಿಲ್ಲ. ಅಸೋಸಿಯೇಷನ್‌ನಲ್ಲಿ ಎರಡು ಗುಂಪಾಗಿದೆ. ಒಂದು ಗುಂಪು ‘ಅದು ಕೊಲ್ಲುವ ಜಾತಿ, ಆಚೆ ಹಾಕಿ’ ಅನ್ನುತ್ತದೆ. ಇನ್ನೊಂದು ಗುಂಪು ‘ಕೆಟ್ಟ ನಾಯಿ ಅಂತ ಯಾವುದೂ ಇಲ್ಲ, ಕೆಟ್ಟ ಮಾಲೀಕರಿರುತ್ತಾರೆ ಅಷ್ಟೆ’ ಅನ್ನುತ್ತದೆ. ಯಾರು ಹೇಳುವುದು ಸರಿ?

ಉತ್ತರ: ತಾಯೀ, ಮೊದಲು ಒಂದು ಮಾತು. ನಿಮ್ಮ ಹೆದರಿಕೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಗಂಡು ರಾಟ್‌ವೀಲರ್ 50 ಕಿಲೋ ದಾಟುತ್ತದೆ. ನಿಮ್ಮ ಮಗಳು 20 ಕಿಲೋ ಇರಬಹುದು. ಈ ಲೆಕ್ಕ ಗೊತ್ತಿರುವ ತಾಯಿಗೆ ಕೈಕಾಲು ಆಡದಿರುವುದು ಸಹಜ.

ಎರಡು ಗುಂಪಿನವರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಅದನ್ನು ಬಿಡಿಸಿ ಹೇಳುವ ಮೊದಲು ಒಂದು ನಾಯಿಯ ಕಥೆ ಹೇಳುತ್ತೇನೆ.

ಅರಸೀಕೆರೆ ಹತ್ತಿರದ ಒಂದು ತೆಂಗಿನ ತೋಟದಿಂದ ಕರೆ ಬಂತು. ‘ನಾಯಿ ಕತ್ತಲ್ಲಿ ಹುಳ ಬಿದ್ದಿದೆ, ಬನ್ನಿ ಡಾಕ್ಟ್ರಮ್ಮಾ’ ಅಂದರು. ಹೋಗಿ ನೋಡಿದರೆ ಟೈಗರ್ ಅಂತ ಒಂದು ರಾಟ್‌ವೀಲರ್, ಸುಮಾರು ಎರಡು ವರ್ಷದ್ದು. ತೆಂಗಿನ ಮರಕ್ಕೆ ಕಟ್ಟಿದ್ದರು. ಮರದ ಸುತ್ತ ಸರಪಳಿಯ ಉದ್ದದಷ್ಟು ದೂರ, ಗುಂಡಗೆ, ಒಂದು ಎಸಳು ಹುಲ್ಲಿರಲಿಲ್ಲ. ನಾಯಿ ತಿರುಗಿ ತಿರುಗಿ ನೆಲ ಸವೆದು ತಟ್ಟೆಯ ಹಾಗೆ ತಗ್ಗಾಗಿತ್ತು. ಅದರಾಚೆ ಗರಿಕೆ ಹಸಿರಾಗಿ ನಿಂತಿತ್ತು. ಕತ್ತಿನ ಬೆಲ್ಟು ಮರಿಯಾಗಿದ್ದಾಗ ಹಾಕಿದ್ದು. ನಾಯಿ ಬೆಳೆಯಿತು, ಬೆಲ್ಟನ್ನು ಯಾರೂ ಸಡಿಲ ಮಾಡಿರಲಿಲ್ಲ. ಅದು ಚರ್ಮ ಸೀಳಿ ಒಳಗೆ ಇಳಿದು, ಮೇಲೆ ಮಾಂಸ ಬೆಳೆದು, ಹಿಂದೆ ಬಕಲ್ ಮಾತ್ರ ಕಾಣುತ್ತಿತ್ತು. ಅರೆಮಂಪರಿನ ಇಂಜೆಕ್ಷನ್ ಕೊಟ್ಟು, ಬೆಲ್ಟು ಕತ್ತರಿಸಿ, ಎಳೆ ಎಳೆಯಾಗಿ ಬಿಡಿಸಿ, ಹುಳ ತೆಗೆದು ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ಮಂಪರು ಇಳಿಯುವ ಹೊತ್ತಿಗೆ ನನ್ನ ಕೈ ಇನ್ನೂ ಅದರ ಕತ್ತಿನ ಮೇಲಿತ್ತು. ಅದು ಒಮ್ಮೆ ಮೂಸಿ ನೋಡಿ ತಲೆ ನೆಲಕ್ಕೆ ಇಟ್ಟಿತು. ಗುರ್ ಅನ್ನಲಿಲ್ಲ.

ನಾಲ್ಕು ತಿಂಗಳಿಗೆ ಅದೇ ಟೈಗರ್ ಸರಪಳಿ ಕಿತ್ತುಕೊಂಡು, ಕಾಯಿ ಸುಲಿಯಲು ಬಂದವರ ಎಂಟು ವರ್ಷದ ಮಗನನ್ನು ಹಿಡಿಯಿತು. ಹುಡುಗ ಹೆದರಿ ಓಡಿದ್ದ. ತೊಡೆಯ ಮಾಂಸ ಹರಿದು, ಹಾಸನದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದ. ತೋಟದ ಯಜಮಾನರು ನನ್ನ ಹತ್ತಿರ ಹೇಳಿದ್ದು: ‘ಈ ಜಾತಿಯೇ ಹಾಗೆ ಅಲ್ವಾ ಡಾಕ್ಟ್ರಮ್ಮಾ.’

ಆ ಮಾತು ಕೇಳಿ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆ ಸಿಟ್ಟಿನಲ್ಲಿ ನನ್ನ ಪಾಲೂ ಇದೆ. ಅವತ್ತು ನಾನು ಗಾಯ ನೋಡಿದೆ, ಔಷಧಿ ಬರೆದೆ, ‘ಬೆಲ್ಟು ಸಡಿಲ ಇರಲಿ’ ಅಂದು ಬಂದುಬಿಟ್ಟೆ. ಎರಡು ವರ್ಷ ಒಂದೇ ಮರ ಸುತ್ತಿದ ನಾಯಿ, ಮನೆಯ ಮಕ್ಕಳ ಜೊತೆ ಒಮ್ಮೆಯೂ ಬೆರೆಯದ ನಾಯಿ, ಕಳಚಿಕೊಂಡ ದಿನ ಏನು ಮಾಡಬಹುದು ಅನ್ನುವುದು ನನಗೆ ಗೊತ್ತಿತ್ತು. ಕೂತು ಹೇಳಬೇಕಿತ್ತು. ಹೇಳಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟೈಗರ್ ಜಾಗದಲ್ಲಿ ಒಂದು ಕಂತ್ರಿ ನಾಯಿ ಇದ್ದಿದ್ದರೂ, ಹಾಗೇ ಕಟ್ಟಿ ಹಾಕಿದ್ದರೆ ಅದೂ ಕಚ್ಚುತ್ತಿತ್ತು. ಆದರೆ ಆ ಹುಡುಗ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಇರುತ್ತಿರಲಿಲ್ಲ. ನಾನು ಇಷ್ಟು ವರ್ಷದಲ್ಲಿ ಅರ್ಥ ಮಾಡಿಕೊಂಡಿದ್ದು ಇದು: ನಾಯಿ ಕಚ್ಚುತ್ತದೋ ಇಲ್ಲವೋ ಅನ್ನುವುದನ್ನು ತಳಿ ಸ್ವಲ್ಪ ಮಾತ್ರ ಹೇಳುತ್ತದೆ. ಕಚ್ಚಿದರೆ ಎಷ್ಟು ಗಾಯ ಆಗುತ್ತದೆ ಅನ್ನುವುದನ್ನು ತುಂಬಾ ಹೇಳುತ್ತದೆ. ನಿಮ್ಮ ಒಂದು ಗುಂಪಿನವರು ಎರಡನೆಯದನ್ನು ನೋಡಿ ಮೊದಲನೆಯದರ ಬಗ್ಗೆ ತೀರ್ಪು ಕೊಡುತ್ತಿದ್ದಾರೆ. ಇನ್ನೊಂದು ಗುಂಪಿನವರು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆತಿದ್ದಾರೆ.

ಇದು ನನ್ನೊಬ್ಬಳ ಅನುಭವದ ಮಾತಷ್ಟೇ ಆಗಿದ್ದರೆ ಇಷ್ಟು ಗಟ್ಟಿಯಾಗಿ ಬರೆಯುತ್ತಿರಲಿಲ್ಲ. ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವದ ಬಗ್ಗೆ ಸಾಕಿದವರನ್ನು ಕೇಳಿ, ಅವುಗಳಲ್ಲಿ 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ, 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ನಾಯಿಗೂ ಇನ್ನೊಂದಕ್ಕೂ ಸ್ವಭಾವದಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಅಂತ ಅವರಿಗೆ ಕಂಡಿತು. ಹೇಳಿದ ಮಾತು ಬೇಗ ಕೇಳುವ ಗುಣದಲ್ಲಿ ತಳಿಯ ಗುರುತು ಸ್ವಲ್ಪ ಜಾಸ್ತಿ. ಹೆದರಿಸಿದರೆ, ಕೆಣಕಿದರೆ ಎಷ್ಟು ಬೇಗ ತಿರುಗಿ ಬೀಳುತ್ತದೆ ಅನ್ನುವುದರಲ್ಲಿ ತಳಿ ತಳಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. 2008ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಮನುಷ್ಯರ ಮೇಲೆ ಎಗರುವ ಗುಣ ಹೆಚ್ಚು ಕಂಡಿದ್ದು ಡ್ಯಾಶ್‌ಹೌಂಡ್, ಚಿಹುವಾಹುವಾ ಥರದ ಪುಟ್ಟ ನಾಯಿಗಳಲ್ಲಿ. ನನಗೆ ಇದು ಹೊಸದೇನಲ್ಲ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿರುವ ಗುರುತು ಪಮೇರಿಯನ್ ಕಚ್ಚಿದ್ದು.

ಹಾಗಂತ ಇನ್ನೊಂದು ಲೆಕ್ಕವನ್ನು ಬಚ್ಚಿಡುವುದು ತಪ್ಪಾಗುತ್ತದೆ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ಕಚ್ಚಿ ಸತ್ತ 238 ಜನರ ಬಗ್ಗೆ ಒಂದು ವರದಿ ಇದೆ. ಅದರಲ್ಲಿ ಕನಿಷ್ಠ 25 ತಳಿಗಳ ಹೆಸರಿದೆ. ಆದರೆ ಅರ್ಧಕ್ಕೂ ಹೆಚ್ಚು ಸಾವುಗಳಲ್ಲಿ ಇದ್ದದ್ದು ಪಿಟ್‌ಬುಲ್ ಥರದವು ಮತ್ತು ರಾಟ್‌ವೀಲರ್. ಪುಟ್ಟ ನಾಯಿ ಹತ್ತು ಸಲ ಕಚ್ಚಿದರೂ ಸುದ್ದಿಯಾಗುವುದಿಲ್ಲ. ದೊಡ್ಡ ನಾಯಿಗೆ ಒಂದು ಸಲ ಸಾಕು. ಲಕ್ನೋದಲ್ಲಿ 2022ರ ಜುಲೈನಲ್ಲಿ 82 ವರ್ಷದ ಒಬ್ಬ ನಿವೃತ್ತ ಶಿಕ್ಷಕಿ ಮನೆಯಲ್ಲೇ ಸಾಕಿದ್ದ ಪಿಟ್‌ಬುಲ್‌ನಿಂದ ಸತ್ತರು. ಆ ಸಾವನ್ನು ‘ಮಾಲೀಕರ ತಪ್ಪು’ ಅಂತ ಒಂದು ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ರಾಟ್‌ವೀಲರ್ ಮೂಲತಃ ಜರ್ಮನಿಯ ರಾಟ್‌ವೈಲ್ ಅನ್ನುವ ಊರಿನದು. ಕಟುಕರು ದನ ಹೊಡೆದುಕೊಂಡು ಹೋಗಲು, ಗಾಡಿ ಎಳೆಸಲು ಸಾಕುತ್ತಿದ್ದರು. ಅಂದರೆ ಇಡೀ ದಿನ ಮೈಬಗ್ಗಿಸಿ ದುಡಿಯುವ ನಾಯಿ. ಅದನ್ನು ಎರಡು ಬೆಡ್‌ರೂಮಿನ ಮನೆಯಲ್ಲಿ ಸಾಕಬಹುದಾ ಅಂದರೆ ಸಾಕಬಹುದು, ಆದರೆ ದಿನಕ್ಕೆ ಎರಡು ಹೊತ್ತು ಚೆನ್ನಾಗಿ ನಡೆಸುವವರು ಬೇಕು.

ನಿಮ್ಮ ಎದುರು ಮನೆಯವರ ಜೊತೆ ಒಮ್ಮೆ ಕೂತು ಮಾತಾಡಿ. ಜಗಳದ ದಿನ ಬೇಡ, ಸುಮ್ನೆ ಒಂದು ಭಾನುವಾರ ಕಾಫಿಗೆ ಕರೆದು ಕೇಳಿ. ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಅದು ಎಳೆದರೆ ಹಿಡಿದು ನಿಲ್ಲಿಸುವ ಶಕ್ತಿ ಅವರಿಗಿದೆಯಾ, ಅಥವಾ ಕೆಲಸದ ಹುಡುಗಿಯ ಕೈಗೆ ಹಗ್ಗ ಕೊಟ್ಟು ಕಳಿಸುತ್ತಾರಾ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ರೇಬಿಸ್ ಲಸಿಕೆ ಯಾವಾಗ ಹಾಕಿಸಿದ್ದು, ಪಾಲಿಕೆಯ ಪರವಾನಗಿ ಇದೆಯಾ ಅಂತಲೂ ಕೇಳಿ. ಲಿಫ್ಟಿನಲ್ಲಿ ಮಗು ಇದ್ದರೆ ಅವರು ಮುಂದಿನ ಲಿಫ್ಟಿಗೆ ಕಾಯಲಿ. ಒಳಗಿರುವಷ್ಟು ಹೊತ್ತು ಬಾಯಿಗೆ ಮಝಲ್ ಹಾಕಲಿ. ಹೊಲದಲ್ಲಿ ಎತ್ತಿಗೆ ಕುಕ್ಕೆ ಹಾಕುತ್ತೇವಲ್ಲ, ಹಾಗೆ. ಅದರಿಂದ ನಾಯಿಗೆ ಹಿಂಸೆ ಇಲ್ಲ, ಮರಿಯಿಂದ ಅಭ್ಯಾಸ ಮಾಡಿಸಿದರೆ ತಾನೇ ಮೂತಿ ಒಡ್ಡುತ್ತದೆ. ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟುವ ಮಝಲ್ ಬೇಡ, ಬಾಯಿ ತೆರೆದು ಏದುಸಿರು ಬಿಡಲು ಬರುವ ಬುಟ್ಟಿಯಂಥದ್ದು ಇರಲಿ.

ಅಸೋಸಿಯೇಷನ್‌ನವರು ಮತ ಹಾಕಿ ‘ನಾಯಿ ಸಾಕಬಾರದು’ ಅನ್ನುವ ಹಾಗಿಲ್ಲ. ಪ್ರಾಣಿ ಕಲ್ಯಾಣ ಮಂಡಳಿ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಆದರೆ ಮಾಲೀಕರಿಗೂ ಪೂರ್ತಿ ಸ್ವಾತಂತ್ರ್ಯ ಇಲ್ಲ. ತನ್ನ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಲ್ಲಿ ರಾಟ್‌ವೀಲರ್, ಪಮೇರಿಯನ್ ಅನ್ನುವ ಭೇದ ಇಲ್ಲ.

ಪ್ರಶ್ನೆ: ಕೇಂದ್ರ ಸರ್ಕಾರ 23 ಜಾತಿಯ ನಾಯಿಗಳನ್ನು ಬ್ಯಾನ್ ಮಾಡಿದೆ ಅಂತ ಕೇಳಿದೆ. ನಮ್ಮ ಅಣ್ಣನ ಮನೆಯಲ್ಲಿ ಅಂಥದ್ದೊಂದು ಇದೆ. ಈಗ ಅದನ್ನು ಇಟ್ಟುಕೊಳ್ಳುವುದು ಅಪರಾಧವಾ? (ತುಮಕೂರಿನಿಂದ ಒಬ್ಬರು)

ಉತ್ತರ: ಅಪರಾಧ ಅಲ್ಲ. ನಡೆದದ್ದು ಇಷ್ಟು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. 23 ತಳಿಗಳನ್ನು ಹೆಸರಿಸಿ, ಅವುಗಳನ್ನು ತರಿಸಲು, ಮರಿ ಮಾಡಿಸಲು, ಮಾರಲು ಪರವಾನಗಿ ಕೊಡಬೇಡಿ, ಈಗಾಗಲೇ ಮನೆಗಳಲ್ಲಿ ಇರುವವಕ್ಕೆ ಮರಿಯಾಗದಂತೆ ಆಪರೇಷನ್ ಮಾಡಿಸಿ ಅಂತ ಅದರಲ್ಲಿತ್ತು. ಕರ್ನಾಟಕ ಹೈಕೋರ್ಟ್ ಒಂದೇ ವಾರದಲ್ಲಿ ತಡೆ ಕೊಟ್ಟಿತು, ಏಪ್ರಿಲ್ 10ರಂದು ಸುತ್ತೋಲೆಯನ್ನೇ ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅನ್ನುವುದು ಮುಖ್ಯ ಕಾರಣ. ಸರಿಯಾದ ಕ್ರಮದಲ್ಲಿ, ಎಲ್ಲರ ಮಾತು ಕೇಳಿ ಮತ್ತೆ ನಿಯಮ ತರಲು ಕೋರ್ಟ್ ಅಡ್ಡಿ ಹೇಳಿಲ್ಲ. ಹಾಗಾಗಿ ಮುಂದೆ ಹೊಸ ನಿಯಮ ಬಂದರೆ ಅದನ್ನು ಗಮನಿಸುತ್ತಾ ಇರಿ.

ಆ ಪಟ್ಟಿ ಓದಿದಾಗ ನನಗೆ ಬೇಸರ ಆಯಿತು. ತೋಸಾ ಇನು ಅಂತ ಒಂದು ಕಡೆ ಇದೆ, ಜಪಾನೀಸ್ ತೋಸಾ ಅಂತ ಇನ್ನೊಂದು ಕಡೆ ಇದೆ. ಎರಡೂ ಒಂದೇ ನಾಯಿ. ‘ಟೆರಿಯರ್‌ಗಳು’ ಅಂತ ಇಡೀ ಗುಂಪನ್ನೇ ಸೇರಿಸಿದ್ದಾರೆ. ಯಾರ್ಕ್‌ಷೈರ್ ಟೆರಿಯರ್ ಕೂಡ ಟೆರಿಯರ್ರೇ, ಮೂರು ಕಿಲೋ ತೂಗುತ್ತದೆ, ಮಡಿಲಲ್ಲಿ ಕೂರುತ್ತದೆ. ಟರ್ಕಿಯಲ್ಲಿ ಕುರಿ ಕಾಯುವ ಕಂಗಾಲ್ ಕೂಡ ಅದೇ ಪಟ್ಟಿಯಲ್ಲಿದೆ. ಜೀವಕ್ಕೆ ಸಂಬಂಧಪಟ್ಟ ನಿಯಮವನ್ನು ಇಷ್ಟು ಅವಸರದಲ್ಲಿ ಬರೆಯಬಾರದು.

ಬೇರೆ ದೇಶದವರೂ ಈ ದಾರಿಯಲ್ಲಿ ಹೋಗಿ ನೋಡಿದ್ದಾರೆ. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ಥರದ ನಾಯಿಗಳನ್ನು ನಿಷೇಧಿಸಿ, ಕಚ್ಚುವ ಪ್ರಕರಣ ಕಡಿಮೆಯಾಗಲಿಲ್ಲ ಅಂತ 2008ರಲ್ಲಿ ಕೈಬಿಡುವ ತೀರ್ಮಾನ ಮಾಡಿತು. ಬ್ರಿಟನ್ 1991ರ ಕಾಯ್ದೆಯಲ್ಲಿ ನಾಲ್ಕು ತಳಿಗಳನ್ನು ಹೆಸರಿಸಿತು. ಆಮೇಲೆ ಜನ ಅದರಲ್ಲಿಲ್ಲದ ಎಕ್ಸ್‌ಎಲ್ ಬುಲ್ಲಿ ಅನ್ನುವ ಭಾರೀ ನಾಯಿಯನ್ನು ಬೆಳೆಸಿಕೊಂಡರು. ಸಾವುಗಳಾದವು. 2023ರ ಕೊನೆಗೆ ಅದನ್ನೂ ಪಟ್ಟಿಗೆ ಸೇರಿಸಬೇಕಾಯಿತು. ಪಟ್ಟಿ ಉದ್ದ ಆಗುತ್ತಾ ಹೋಗುತ್ತದೆ, ಗತ್ತಿಗೆ ನಾಯಿ ಸಾಕುವವರು ಪಟ್ಟಿಯಲ್ಲಿಲ್ಲದ ನಾಯಿ ಹುಡುಕುತ್ತಾ ಹೋಗುತ್ತಾರೆ.

ಅಣ್ಣನಿಗೆ ಒಂದು ಮಾತು ಹೇಳಿ: ಸುತ್ತೋಲೆ ರದ್ದಾದರೂ ಆಪರೇಷನ್ ಮಾಡಿಸುವುದು ಒಳ್ಳೆಯದೇ. ಮರಿ ಮಾರುವ ಆಸೆ ಇದ್ದರೆ ಬಿಟ್ಟುಬಿಡಲಿ.

ಪ್ರಶ್ನೆ: ನಾವು ಮೈಸೂರಿನ ಹೊರವಲಯದಲ್ಲಿ ಮನೆ ಮಾಡಿದ್ದೇವೆ. ಮುಧೋಳ ನಾಯಿ ಸಾಕಿದ್ದೇವೆ, ಮನೆಯವರ ಜೊತೆ ಬಹಳ ಸಾಧು. ಆದರೆ ಕಳೆದ ವಾರ ಕಾಂಪೌಂಡ್ ಹಾರಿ ಪಕ್ಕದವರ ಎರಡು ಕೋಳಿ, ಒಂದು ಬೆಕ್ಕು ಕೊಂದಿತು. ರಕ್ತದ ರುಚಿ ಕಂಡ ನಾಯಿ ಮಕ್ಕಳ ಮೇಲೂ ಬೀಳುತ್ತದೆ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಇದು ಅಪಾಯಕಾರಿ ಆಗಿಬಿಟ್ಟಿತಾ?

ಉತ್ತರ: ‘ತಳಿಯಲ್ಲಿ ಏನೂ ಇಲ್ಲ’ ಅನ್ನುವವರಿಗೆ ನಿಮ್ಮ ಪತ್ರ ತೋರಿಸಬೇಕು ಅನ್ನಿಸಿತು. ಮುಧೋಳ ನಾಯಿಯ ಮೈಕಟ್ಟು ನೋಡಿ: ಉದ್ದ ಕಾಲು, ಒಳಸೇರಿದ ಹೊಟ್ಟೆ, ಆಳವಾದ ಎದೆ, ಸಪೂರ ತಲೆ. ಮೊಲ, ಜಿಂಕೆ ಅಟ್ಟಿಸಿಕೊಂಡು ಹೋಗಿ ಹಿಡಿಯಲಿಕ್ಕೆ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ನಾಯಿ ಅದು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ್ದು, 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದು, 2016ರಲ್ಲಿ ಸೈನ್ಯ ತರಬೇತಿಗೆ ಮರಿಗಳನ್ನು ಮೀರತ್‌ಗೆ ಕರೆಸಿಕೊಂಡದ್ದು. ಕಣ್ಣೆದುರು ಏನಾದರೂ ಚಂಗನೆ ಓಡಿದರೆ ಅದರ ಕಾಲು ನಿಲ್ಲುವುದಿಲ್ಲ. ಬಾಗಲಕೋಟೆ ಕಡೆ ಹೊಲದಲ್ಲಿ ಅದೇ ಅದರ ಹೆಮ್ಮೆ. ನಿಮ್ಮ ಬಡಾವಣೆಯಲ್ಲಿ ಅದೇ ದೂರು.

ಆದರೆ ಬೇಟೆಯ ಆಸೆ ಬೇರೆ, ಮನುಷ್ಯರ ಮೇಲಿನ ಸಿಟ್ಟು ಬೇರೆ. ಕೋಳಿ ಹಿಡಿದ ನಾಯಿ ಮಗುವನ್ನು ಹಿಡಿಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ‘ರಕ್ತದ ರುಚಿ’ ಅನ್ನುವುದು ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು. ಹಾಗಿದ್ದರೆ ಹಸಿ ಮಾಂಸ ತಿನ್ನುವ ನಾಯಿಗಳೆಲ್ಲ ಊರು ಖಾಲಿ ಮಾಡಿಸಬೇಕಿತ್ತು. ಆದರೂ ಓಡಾಡುವ ಪುಟ್ಟ ಮಕ್ಕಳ ಜೊತೆ ಅದನ್ನು ಒಂಟಿಯಾಗಿ ಬಿಡಬೇಡಿ. ಅದು ಯಾವ ನಾಯಿಗಾದರೂ ಅನ್ವಯಿಸುವ ಮಾತು. ಕಾಂಪೌಂಡ್ ಮೇಲೆ ಎರಡು ಮೂರು ಅಡಿ ಜಾಲರಿ ಏರಿಸಿ. ಬೆಳಿಗ್ಗೆ ಬೇಗ ಎದ್ದು ಹಗ್ಗ ಹಿಡಿದು ಓಡಿಸಿ. ಪಕ್ಕದವರ ಕೋಳಿಗೆ ದುಡ್ಡು ಕೊಡಿ. ಬೆಕ್ಕಿಗೆ ಬೆಲೆ ಕಟ್ಟಲಾಗುವುದಿಲ್ಲ, ಮನೆಗೆ ಹೋಗಿ ತಪ್ಪಾಯಿತು ಅನ್ನಿ. ಅರ್ಧ ಜಗಳ ಅಲ್ಲೇ ಕರಗುತ್ತದೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು, 24 ವರ್ಷ. ಹೊಲದ ಮನೆ ಕಾಯಲು ಪಿಟ್‌ಬುಲ್ ಮರಿ ತರಬೇಕು ಅಂತಿದ್ದೇನೆ. ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ 35 ದಿನದ ಮರಿ ಇದೆ, ಕಿವಿ ಕಟ್ ಮಾಡಿಸಿ ಕೊಡುತ್ತೇನೆ ಅಂದಿದ್ದಾರೆ. ಪ್ರೀತಿಯಿಂದ ಬೆಳೆಸಿದರೆ ಏನೂ ಮಾಡುವುದಿಲ್ಲ ಅಂತ ವಿಡಿಯೋಗಳಲ್ಲಿ ನೋಡಿದ್ದೇನೆ. ನಿಮ್ಮ ಅಭಿಪ್ರಾಯ?

ಉತ್ತರ: ತರಬೇಡ ತಮ್ಮಾ.

ಇಷ್ಟು ನೇರವಾಗಿ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. 35 ದಿನ ಅಂದರೆ ಐದು ವಾರ. ನಾಯಿ ಮಾರಾಟದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ. ಮರಿ ತಾಯಿ ಜೊತೆ, ಒಡಹುಟ್ಟಿದವರ ಜೊತೆ ಆಡುತ್ತಾ ‘ಇಷ್ಟು ಕಚ್ಚಿದರೆ ನೋವಾಗುತ್ತದೆ’ ಅನ್ನುವುದನ್ನು ಕಲಿಯುವುದು ಆ ವಾರಗಳಲ್ಲೇ. ಇನ್ನೊಂದು ಮರಿ ಕುಂಯ್ ಅಂದು ಆಟ ಬಿಟ್ಟು ಹೋದಾಗ ಅದಕ್ಕೆ ಪಾಠ ಆಗುತ್ತದೆ. ಆ ಪಾಠ ತಪ್ಪಿದ ಮರಿಗೆ ದವಡೆ ಎಷ್ಟು ಒತ್ತಬೇಕು ಅನ್ನುವ ಅಂದಾಜು ಬರುವುದು ಕಷ್ಟ. ಪಿಟ್‌ಬುಲ್‌ನಂಥ ದವಡೆಗೆ ಆ ಅಂದಾಜು ಬಹಳ ಮುಖ್ಯ. ಇನ್ನು ಕಿವಿ ಕತ್ತರಿಸುವುದು ಶುದ್ಧ ಹಿಂಸೆ. ನಾಯಿಗೆ ಅದರಿಂದ ಏನೂ ಉಪಯೋಗ ಇಲ್ಲ, ನೋಡುವವರು ಹೆದರಲಿ ಅಂತ ಮಾಡಿಸುವುದು. ಹೀಗೆ ಮಾರುವವರು ಮರಿಯ ಅಪ್ಪ ಅಮ್ಮನ ಸ್ವಭಾವ ನೋಡಿ ಮರಿ ಮಾಡಿಸಿರುತ್ತಾರೆ ಅಂತ ನನಗಂತೂ ನಂಬಿಕೆ ಇಲ್ಲ.

ಪ್ರೀತಿಯ ವಿಷಯಕ್ಕೆ ಬರುತ್ತೇನೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಪಿಟ್‌ಬುಲ್ ಇತ್ತು. ಮಕ್ಕಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುತ್ತಿತ್ತು. ನಾನು ಇಂಜೆಕ್ಷನ್ ಚುಚ್ಚುವಾಗ ಕೈ ನೆಕ್ಕುತ್ತಿತ್ತು. ಮೂರನೇ ವರ್ಷದಲ್ಲಿ ಒಂದು ಸಂಜೆ ಗೇಟು ತೆರೆದಿದ್ದಾಗ ರಸ್ತೆಯಲ್ಲಿ ಹೋಗುತ್ತಿದ್ದ ಇನ್ನೊಂದು ನಾಯಿಯನ್ನು ಹಿಡಿಯಿತು. ಮನೆಯವರು ಕೂಗಿದರು, ನೀರು ಸುರಿದರು, ಹಿಂದಿನ ಕಾಲು ಹಿಡಿದು ಎಳೆದರು. ಬಿಡಲಿಲ್ಲ. ಆ ಮನೆಯವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಗೂಳಿಯನ್ನು ಕಟ್ಟಿ ನಾಯಿ ಬಿಡುವ ಆಟಕ್ಕೆ 1835ರಲ್ಲಿ ನಿಷೇಧ ಬಂದ ಮೇಲೆ ನಾಯಿಗೆ ನಾಯಿ ಕಾದಾಡಿಸುವ ಆಟ ಜೋರಾಯಿತು. ಅದಕ್ಕಾಗಿ ಬುಲ್‌ಡಾಗ್, ಟೆರಿಯರ್ ಬೆರೆಸಿ ಮಾಡಿದ ನಾಯಿಯ ಸಂತತಿ ಇದು. ನೋವಾದರೂ ಬಿಡದ, ಎಚ್ಚರಿಕೆ ಕೊಡದೆ ನುಗ್ಗುವ ನಾಯಿಗಳನ್ನೇ ಆರಿಸಿ ಮರಿ ಮಾಡಿಸಿದರು. ಅದರ ದವಡೆ ಬೀಗ ಹಾಕಿದ ಹಾಗೆ ಕೂರುತ್ತದೆ ಅಂತ ಜನ ಹೇಳುತ್ತಾರೆ. ಅದು ಸುಳ್ಳು, ಎಲ್ಲ ನಾಯಿಗೂ ಇರುವ ಕೀಲೇ ಅದಕ್ಕೂ ಇರುವುದು. ಹಿಡಿದದ್ದನ್ನು ಬಿಡದಿರುವುದು ಅದರ ಮನಸ್ಸಿನ ಗುಣ. ಎಲ್ಲ ಪಿಟ್‌ಬುಲ್‌ನಲ್ಲೂ ಇದು ಎದ್ದು ಬರುವುದಿಲ್ಲ. ಬಂದ ದಿನ ನಿನ್ನ ಕೈಯಲ್ಲಿ ಇರುವುದಿಲ್ಲ. ತರಬೇತಿ ಪಡೆದವರು, ದಿನಾ ಅದಕ್ಕೆಂದೇ ಸಮಯ ಇಡುವವರು ಸಾಕಬಹುದು. ಹೊಲದ ಮನೆಯಲ್ಲಿ ಕಟ್ಟಿಹಾಕಿ ಬರುವವರು ಸಾಕಬಾರದು. ಟೈಗರ್ ಕಥೆ ಮೇಲೆ ಬರೆದಿದ್ದೇನೆ, ಇನ್ನೊಂದು ಸಲ ಓದು.

ಕಾವಲಿಗೆ ನಿನಗೆ ಬೇಕಿರುವುದು ಬೊಗಳುವ ನಾಯಿ. ನಿಮ್ಮೂರಲ್ಲೇ ಒಳ್ಳೆಯ ನಾಟಿ ನಾಯಿ ಮರಿ ಹಾಕಿರುತ್ತದೆ. ಎಂಟು ವಾರ ಕಾದು, ತಾಯಿಯ ಸ್ವಭಾವ ನೋಡಿ, ಎರಡು ಮರಿ ತಾ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸು. ಮೊದಲ ಮೂರು ತಿಂಗಳ ಒಳಗೇ ಮಕ್ಕಳು, ಮುದುಕರು, ಟ್ರ್ಯಾಕ್ಟರ್, ಎತ್ತು, ಛತ್ರಿ ಹಿಡಿದವರು, ಹೆಲ್ಮೆಟ್ ಹಾಕಿದವರು ಎಲ್ಲರನ್ನೂ ತೋರಿಸು. ಆ ವಯಸ್ಸಿನಲ್ಲಿ ಕಂಡದ್ದಕ್ಕೆ ಅದು ದೊಡ್ಡದಾದ ಮೇಲೆ ಅಷ್ಟಾಗಿ ಹೆದರುವುದಿಲ್ಲ. ನಾಯಿ ಕಚ್ಚುವುದು ಹೆಚ್ಚಾಗಿ ಹೆದರಿಕೆಯಿಂದ. ರಾತ್ರಿ ಬಿಡು, ಹಗಲು ನೆರಳಿನಲ್ಲಿ ದೊಡ್ಡ ಗೂಡಿನಲ್ಲಿ ಇರಲಿ.

ಪ್ರಶ್ನೆ: ಸಾಗರದಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತೆಯವರಿಗೆ ನೆಂಟರ ಮನೆಯ ಪಮೇರಿಯನ್ ಕಚ್ಚಿತು. ಸಣ್ಣ ಗಾಯ, ಒಂದು ಹನಿ ರಕ್ತ. ‘ಮನೆ ನಾಯಿ, ಲಸಿಕೆ ಹಾಕಿಸಿದೆ, ಡೇಂಜರ್ ಜಾತಿ ಅಲ್ಲ’ ಅಂತ ಹೇಳಿ ಸುಣ್ಣ ಹಚ್ಚಿದ್ದಾರೆ. ಸಾಕಾ?

ಉತ್ತರ: ಸಾಲದು. ಈ ಪತ್ರ ತಲುಪಿದ ದಿನವೇ ನಾನು ಫೋನ್ ಮಾಡಿ ಹೇಳಿದ್ದೇನೆ, ಎಲ್ಲರಿಗೂ ತಿಳಿಯಲಿ ಅಂತ ಇಲ್ಲೂ ಬರೆಯುತ್ತಿದ್ದೇನೆ. ರೇಬಿಸ್ ತಳಿ ನೋಡಿ ಬರುವುದಿಲ್ಲ. ಸುಣ್ಣ, ಕಾಫಿಪುಡಿ, ಅರಿಶಿನ, ಮೆಣಸಿನಪುಡಿ ಏನೂ ಹಚ್ಚಬೇಡಿ. ಹರಿಯುವ ನೀರು, ಸೋಪು, ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡು ತೊಳೆಯಿರಿ, ಅಂದಾಜಿಗೆ ಬಿಟ್ಟರೆ ಎರಡು ನಿಮಿಷಕ್ಕೇ ಮುಗಿಸಿಬಿಡುತ್ತೇವೆ. ಆಮೇಲೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ನಾಯಿಯನ್ನು ಹತ್ತು ದಿನ ಗಮನಿಸಿ, ಆದರೆ ಆ ಹತ್ತು ದಿನ ಕಾದು ಆಮೇಲೆ ಲಸಿಕೆ ಹಾಕಿಸೋಣ ಅನ್ನಬೇಡಿ. ರೋಗದ ಲಕ್ಷಣ ಕಾಣಿಸಿದ ಮೇಲೆ ಯಾವ ಆಸ್ಪತ್ರೆಗೆ ಹೋದರೂ ಉಳಿಸಿಕೊಳ್ಳುವುದು ಆಗುವುದಿಲ್ಲ.

ಪ್ರಶ್ನೆ: ನಾನು ಶಿರಸಿಯಲ್ಲಿ ಆರನೇ ಕ್ಲಾಸು ಓದುತ್ತಿದ್ದೇನೆ. ಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ನಾಯಿ ಇದೆ. ಅದು ಡೇಂಜರ್ ನಾಯಿಯಾ ಅಲ್ಲವಾ ಅಂತ ಹೇಗೆ ಗೊತ್ತಾಗುತ್ತದೆ? ಅದು ಬಂದರೆ ಓಡಬೇಕಾ?

ಉತ್ತರ: ಪುಟ್ಟೀ, ನಿನ್ನ ಅಕ್ಷರ ಮುದ್ದಾಗಿದೆ. ಅದು ಯಾವ ಜಾತಿ ಅಂತ ತಿಳಿದುಕೊಳ್ಳುವುದು ಬೇಡ, ಅದರ ಮೈ ನೋಡು. ಮೈ ಸಡಿಲವಾಗಿ, ಸೊಂಟ ಸಮೇತ ಬಾಲ ಅಲ್ಲಾಡಿಸುತ್ತಿದ್ದರೆ ಅದು ಖುಷಿಯಲ್ಲಿದೆ. ಮೈ ಕಲ್ಲಿನ ಹಾಗೆ ಬಿಗಿಯಾಗಿ, ಬಾಲ ನೆಟ್ಟಗೆ ನಿಂತು ತುದಿ ಮಾತ್ರ ಅಲ್ಲಾಡುತ್ತಿದ್ದರೆ, ಕಣ್ಣಿನ ಬಿಳಿ ಜಾಸ್ತಿ ಕಾಣುತ್ತಿದ್ದರೆ, ಮುಖ ತಿರುಗಿಸಿ ತುಟಿ ನೆಕ್ಕುತ್ತಿದ್ದರೆ ‘ಹತ್ತಿರ ಬರಬೇಡ’ ಅಂತ ಹೇಳುತ್ತಿದೆ. ಗುರ್ ಅಂದರೂ ಅದೇ ಅರ್ಥ. ಊಟ ಮಾಡುತ್ತಿರುವ, ಮಲಗಿರುವ, ಮರಿ ಜೊತೆ ಇರುವ ನಾಯಿಯ ಹತ್ತಿರ ಹೋಗಲೇಬೇಡ. ನಿನಗೆ ಚೆನ್ನಾಗಿ ಗೊತ್ತಿರುವ ಮನೆಯ ನಾಯಿಗೂ ಈ ಮಾತು ಸೇರುತ್ತದೆ. ಮಕ್ಕಳಿಗೆ ಹೆಚ್ಚಾಗಿ ಕಚ್ಚುವುದು ಗುರುತಿನ ನಾಯಿಗಳೇ.

ಓಡಬೇಡ. ಓಡಿದರೆ ಅದಕ್ಕೆ ಅಟ್ಟಿಸಿಕೊಂಡು ಬರುವ ಆಸೆ ಆಗುತ್ತದೆ. ಮರದ ಹಾಗೆ ನಿಂತುಬಿಡು. ಕೈ ಎರಡೂ ಎದೆ ಮೇಲೆ ಕಟ್ಟಿಕೊ, ಕಣ್ಣು ನಿನ್ನ ಕಾಲ ಬೆರಳಿನ ಮೇಲಿರಲಿ, ಕಿರುಚಬೇಡ. ಅದು ಮೂಸಿ ನೋಡಿ ಬೇಜಾರಾಗಿ ಹೋಗುತ್ತದೆ. ಆಮೇಲೆ ನಿಧಾನಕ್ಕೆ ಹಿಂದೆ ಹಿಂದೆ ಹೆಜ್ಜೆ ಇಡು, ಬೆನ್ನು ತೋರಿಸಬೇಡ. ಮೈಮೇಲೆ ಬಂದೇಬಿಟ್ಟರೆ ಸ್ಕೂಲ್ ಬ್ಯಾಗನ್ನು ಮುಂದಕ್ಕೆ ಹಿಡಿ, ಅದು ಬ್ಯಾಗನ್ನೇ ಕಚ್ಚಲಿ. ಕೆಳಗೆ ಬಿದ್ದರೆ ಆಮೆಯ ಹಾಗೆ ಮುದುಡಿ, ಮುಖ ನೆಲಕ್ಕೆ ಮಾಡಿ, ಎರಡು ಕೈಯಲ್ಲೂ ಕತ್ತು, ಕಿವಿ ಮುಚ್ಚಿಕೊ. ಕಚ್ಚಿದರೆ, ಗೀರಿದರೆ ಬೈಯುತ್ತಾರೆ ಅಂತ ಮುಚ್ಚಿಡದೆ ಅಮ್ಮನಿಗೆ ಆವತ್ತೇ ಹೇಳು.

ನಿನಗೆ ತಮ್ಮನೋ ತಂಗಿಯೋ ಇದ್ದರೆ ಮನೆಯಲ್ಲಿ ಒಂದು ಸಲ ಆಡಿ ನೋಡಿ. ನೀನು ನಾಯಿ, ಅವರು ಮರ. ಮೊದಲ ಸಲ ನಕ್ಕುಬಿಡುತ್ತಾರೆ. ನಗದೆ ನಿಲ್ಲುವ ತನಕ ಆಡಿಸು.